ಸ್ಯಾಂಪಲ್ ಒಂದು, ಬಂದ ಮಾಲು ಇನ್ನೊಂದು

ಮಾನ್ಯ ಸಂಪಾದಕರೇ,

ಚೀನಾದಿಂದ ಬಂದ ಚಾರ್ಜರ್ ಹೊತ್ತಿಕೊಂಡ ಸುದ್ದಿ ನಿಮ್ಮ ಪೇಪರ್‌ನಲ್ಲಿ ಓದ್ದೆ. ತರಿಸೋರೇ ಹುಷಾರಾಗಿರ್ಬೇಕಿತ್ತು ಅಂತ ಅಧಿಕಾರಿಗಳು ಕೈ ತೊಳ್ಕೊಂಡಿದ್ದಾರಲ್ಲ, ಅದನ್ನ ಓದಿ ಮೈಯೆಲ್ಲಾ ಉರೀತು, ಯಾಕಂದ್ರೆ ಅಂಥದ್ದೇ 2,000 ಚಾರ್ಜರ್ ಈಗ ನನ್ನ ಗೋಡೌನಲ್ಲಿ ಬಿದ್ದಿದೆ.

ಸ್ಯಾಂಪಲ್ ಚೆನ್ನಾಗೇ ಇತ್ತು ಸ್ವಾಮಿ, ಎರಡು ದಿನ ಬಿಡದೆ ಓಡಿಸಿದ್ರೂ ಬಿಸಿ ಆಗ್ಲಿಲ್ಲ. ಬಂದ ಮಾಲಲ್ಲಿ ವೈರ್ ತೆಳು, ಪಿನ್ ಅಲ್ಲಾಡುತ್ತೆ, ಅರ್ಧ ಗಂಟೆ ಆದ್ರೆ ಮುಟ್ಟಕ್ಕಾಗಲ್ಲ. ಶೆನ್‌ಝೆನ್‌ನಲ್ಲಿ ಸ್ವಂತ ಫ್ಯಾಕ್ಟರಿ ಅಂದಿದ್ದೋರು ನೋಡಿದ್ರೆ ಟ್ರೇಡಿಂಗ್ ಕಂಪನಿ, ಯಾರೋ ಮಾಡಿದ್ದನ್ನ ಕೊಂಡು ಕಳಿಸೋರು. ಅಲ್ಲಿನ ಪ್ರತಿ ಕಂಪನಿಯ ಬಿಸಿನೆಸ್ ಲೈಸೆನ್ಸಲ್ಲಿ 18 ಅಂಕಿ-ಅಕ್ಷರದ ಕೋಡ್ ಇರುತ್ತೆ, ಅದನ್ನ ಅವರ ಸರ್ಕಾರದ ಸೈಟಲ್ಲಿ ಹಾಕಿದ್ರೆ ಇವರು ತಯಾರು ಮಾಡೋರಾ ಬರೀ ಮಾರೋರಾ ಅಂತ ಅಂದಾಜಾಗುತ್ತೆ, ಇದು ನನಗೆ ಗೊತ್ತಾಗಿದ್ದು ದುಡ್ಡು ಹೋದ್ಮೇಲೆ. ಕೊಟ್ಟ ಟೆಸ್ಟ್ ರಿಪೋರ್ಟಲ್ಲಿ ಮಾಡೆಲ್ ನಂಬರೇ ಬೇರೆ!

30% ಅಡ್ವಾನ್ಸ್ ಕೊಟ್ಟಿದ್ದೆ, ಹಡಗಿಗೆ ಹಾಕಿದ ಬಿಲ್ಲಿನ ಕಾಪಿ ಬಂದ ಕೂಡ್ಲೇ ಉಳಿದ 70% ಕಳಿಸಿಬಿಟ್ಟೆ. ಆಮೇಲೆ ಆ ಕಡೆಯಿಂದ ಮೆಸೇಜಿಗೆ ಉತ್ತರ ಇಲ್ಲ. ಆ 70 ಕೊಡೋಕೆ ಮುಂಚೆ, ಮಾಲೆಲ್ಲ ತಯಾರಾಗಿ ಪ್ಯಾಕಿಂಗ್ 80% ಮುಗಿದಾಗ, ಹೊರಗಿನ ಇನ್ಸ್‌ಪೆಕ್ಷನ್ ಕಂಪನಿಯೋರನ್ನ ಕಳಿಸ್ಬೇಕಿತ್ತು. ಲಾಟಿಂದ ಎಷ್ಟು ಪೀಸ್ ಎತ್ತಿ ನೋಡ್ಬೇಕು ಅಂತ ಹೇಳೋ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 2859-1 ಲೆಕ್ಕದಲ್ಲಿ 2,000 ಪೀಸಿಗೆ ಮಾಮೂಲಿ ಲೆವೆಲ್‌ನಲ್ಲಿ 125 ಪೀಸ್ ಎತ್ತಿ ನೋಡ್ತಾರೆ, ಎಕ್ಯೂಎಲ್, ಅಂದ್ರೆ ಎಷ್ಟು ದೋಷದವರೆಗೆ ಒಪ್ಪಬಹುದು ಅನ್ನೋ ಮಿತಿ, 2.5 ಇಟ್ರೆ ದೊಡ್ಡ ದೋಷದ್ದು 7 ಸಿಕ್ಕಿದ್ರೂ ಪಾಸ್, 8 ಸಿಕ್ರೆ ಇಡೀ ಲಾಟ್ ಫೇಲ್. ನಾನು ಒಪ್ಪಿದ ಸ್ಯಾಂಪಲ್‌ಗೆ ಸೀಲ್ ಹಾಕಿ ಆ ಇನ್ಸ್‌ಪೆಕ್ಷನ್‌ನೋರ ಕೈಗೆ ಕೊಟ್ಟಿದ್ರೆ ವೈರ್ ತೆಳು ಅನ್ನೋದು ಅಲ್ಲೇ ಸಿಕ್ಕಿಬೀಳ್ತಿತ್ತು. ನಾನು ಸಪ್ಲೈಯರ್ ಕಳಿಸಿದ ವಿಡಿಯೋ ನಂಬಿಬಿಟ್ಟೆ, ತಪ್ಪು ನಂದೇ, ಒಪ್ತೀನಿ. ಅದೂ ಚೀನೀ ಹೊಸ ವರ್ಷದ ರಜೆಗೆ ಮುಂಚಿನ ಅವಸರದ ಮಾಲು.

ಆದ್ರೆ ಬಂದರಲ್ಲಿ ಕೂತಿರೋರು ಏನ್ ಮಾಡ್ತಿದ್ರು? ಲೇಬಲ್ ಸರಿ ಇಲ್ಲ ಅಂತ 11 ದಿನ ಮಾಲು ನಿಲ್ಲಿಸ್ಕೊಂಡ್ರು, ದಿನದ ಬಾಡಿಗೆ ನಾನು ಕಟ್ದೆ, ಮೂರು ಸಲ ಲೇಬಲ್ ಅಂಟಿಸ್ದೆ, ಒಬ್ಬರೂ ಒಂದೇ ಒಂದು ಚಾರ್ಜರ್ ಪ್ಲಗ್ಗಿಗೆ ಹಾಕಿ ನೋಡ್ಲಿಲ್ಲ. ಎರಡು ವರ್ಷದ ಹಿಂದೆ ಬ್ಯಾಟರಿ ವಿಷಯದಲ್ಲೂ ಇದೇ ಕತೆ, ಈ ಕೌಂಟರ್‌ನಿಂದ ಆ ಕೌಂಟರ್‌ಗೆ, ಸಾಹೇಬ್ರು ಮೀಟಿಂಗಲ್ಲಿ, ನಾಳೆ ಬನ್ನಿ. ಆಗ ಕೊಟ್ಟ ಅರ್ಜಿಗೆ ಇವತ್ತಿನವರೆಗೂ ಉತ್ತರ ಇಲ್ಲ. ಹೆಲ್ಪ್‌ಲೈನ್ ನಂಬರ್ ಅಂತ ಕೊಟ್ಟಿದ್ದಾರೆ, ಎತ್ತೋರೇ ಇಲ್ಲ.

ಇದನ್ನ ನಾನು ಮಾರಲ್ಲ, ಯಾರದೋ ಮನೇಲಿ ರಾತ್ರಿ ಮಕ್ಕಳ ಪಕ್ಕ ಚಾರ್ಜಿಗೆ ಹಾಕಿಟ್ಟಿರ್ತಾರೆ. ಆದ್ರೆ ಇಂಥ ಮಾಲು ತರಿಸಿದ ಎಲ್ಲರೂ ನಷ್ಟ ನುಂಗ್ತಾರಾ? ಬಂದರಲ್ಲೇ ಪರೀಕ್ಷೆ ಮಾಡ್ಲಿ, ಇಲ್ಲಾಂದ್ರೆ ಹೊಸದಾಗಿ ತರಿಸೋರಿಗೆ ಮೊದಲೇ ತಿಳಿಸಿ ಹೇಳೋ ವ್ಯವಸ್ಥೆ ಮಾಡ್ಲಿ, ಏನೋ ಒಂದು ಮಾಡ್ಲಿ. ಎರಡೂ ಆಗಲ್ಲ ಅಂದ್ರೆ ಆ ಕುರ್ಚಿಗಳು ಯಾಕೆ, ಆ ಸಂಬಳ ಯಾಕೆ? ಮೊದಲು ಆ ಫೋನ್ ಎತ್ತಕ್ಕೆ ಹೇಳಿ.

– ನೊಂದ ಆಮದುದಾರ