ಆ ಮೂರನೇ ತಿರುವಿನ ಬಗ್ಗೆ

ಪ್ರೀತಿಯ ಗೆಳೆಯಾ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಜೊತೆ ಸೈಕಲ್ ತುಳಿಯುವವರೆಲ್ಲ ಓದಲಿ ಅನ್ನಿಸಿತು. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಹೆದರಬೇಡ, ಹಳದಿ ಹೆಲ್ಮೆಟ್ಟಿನ ಕತೆ ಹೇಳುವುದಿಲ್ಲ.

ನಮ್ಮ ಸೈಕಲ್ ಟ್ರೇಲಿನ, ಅಂದರೆ ಆ ಮಣ್ಣುದಾರಿಯ, ಮೂರನೇ ತಿರುವು ನೆನಪಿದೆ ತಾನೇ? ಈಗ ನೋಡಿದರೆ ನಿನಗೆ ಗುರುತೇ ಸಿಗಲಿಕ್ಕಿಲ್ಲ. ಒಂದು ಸೈಕಲ್ ಹೋಗುವಷ್ಟಿದ್ದ ದಾರಿಯಲ್ಲಿ ಈಗ ನಾಲ್ಕು ಜನ ಜೊತೆಜೊತೆಯಾಗಿ ನಡೆಯಬಹುದು. ನಡುವೆ ಮೊಣಕಾಲುದ್ದದ ಕೊರಕಲು. ಬೇರುಗಳೆಲ್ಲ ಮೇಲೆದ್ದಿವೆ. ಮಳೆಯಿಂದ ಹೀಗಾಯಿತು ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದೆವು, ಅಲ್ವಾ?

ಹೋದ ಭಾನುವಾರ ಟ್ರೇಲ್ ರಿಪೇರಿಗೆ ಹೋಗಿದ್ದೆ. ಹೌದು ಕಣೋ, ಮೊದಲ ಸಲ. ಗುದ್ದಲಿ ಕೊಡುವ ಮುಂಚೆ ಅಲ್ಲಿದ್ದವರು, "ನೀರು ಯಾವ ಕಡೆ ಹೋಗ್ತಿದೆ, ಸ್ವಲ್ಪ ಹೊತ್ತು ಸುಮ್ನೆ ನೋಡಿ" ಅಂದರು. ನೋಡಿದೆ. ಟ್ರೇಲ್ ಕಟ್ಟುವಾಗ ಹೊರ ಅಂಚಿನ ಕಡೆಗೆ ನೂರಕ್ಕೆ 5ರಷ್ಟು ಇಳಿಜಾರು ಕೊಟ್ಟಿರುತ್ತಾರೆ. ನೀರು ದಾರಿಯನ್ನು ಅಡ್ಡಲಾಗಿ ದಾಟಿ ಹೋಗಲಿ ಅಂತ. ನಾವು ಹಿಂದಿನ ಬ್ರೇಕ್ ಬಿಗಿಹಿಡಿದು ಚಕ್ರ ಎಳೆದಾಗೆಲ್ಲ ಮಣ್ಣು ಕಿತ್ತುಬಂದು ಅಂಚಿನಲ್ಲಿ ಕೂರುತ್ತದೆ. ನಡುವೆ ತಗ್ಗು, ಅಂಚಿನಲ್ಲಿ ದಿಬ್ಬ. ಆಮೇಲೆ ನೀರು ಹೊರಗೆ ಹೋಗಲಾರದೆ ಟ್ರೇಲಿನುದ್ದಕ್ಕೂ ಮಣ್ಣು ಕೊಚ್ಚಿಕೊಂಡು ಇಳಿಯುತ್ತದೆ. ತಿರುವಿಗೆ ಮುಂಚೆಯೇ ಎರಡೂ ಬ್ರೇಕ್ ಮೆತ್ತಗೆ ಹಿಡಿದು ವೇಗ ಇಳಿಸಿಕೊಂಡಿದ್ದರೆ ಸಾಕಿತ್ತು.

ಅಗಲವಾಗಿದ್ದೂ ನಮ್ಮಿಂದಲೇ. ಕೆಸರು ಗುಂಡಿ ಕಂಡರೆ ಶೂ ಉಳಿಸಿಕೊಳ್ಳಲು ಪಕ್ಕದ ಹುಲ್ಲಿನ ಮೇಲೆ ಹೋಗುತ್ತಿದ್ದೆವಲ್ಲ. ಗುಂಡಿಯ ನಡುವೆಯೇ ಹೋಗಬೇಕು. ಟೈರಿನ ಅಚ್ಚು ಆಳವಾಗಿ ಮೂಡುವಷ್ಟು ನೆಲ ಮೆತ್ತಗಿದ್ದರೆ ಆ ದಿನ ಹೋಗಲೇಬಾರದು.

ನನ್ನ ಪಾಲಿಗೆ ಬಂದದ್ದು ನೀರು ಹೊರಹೋಗುವ ಬಾಯಿ ಬಿಡಿಸುವ ಕೆಲಸ. ಕೊಳೆತ ಎಲೆ, ಕಡ್ಡಿ, ಗಟ್ಟಿ ಮಣ್ಣು. ಕೊನೆಗೆ ಗುದ್ದಲಿ ಬಿಟ್ಟು ಕೈಯಿಂದಲೇ ಎಳೆದೆ. ಗುಳುಕ್ ಅಂತು. ನಿಂತ ನೀರು ಕದಲಿತು. ಒಂದು ಎಲೆ ಎರಡು ಸುತ್ತು ಹಾಕಿ ಮುಂದೆ ಹೋಯಿತು. ಅದರ ಹಿಂದೆಯೇ ನೀರೆಲ್ಲ ಹುಲ್ಲಿನೊಳಗೆ ಇಳಿಯಿತು. ಖುಷಿ ತಡೆಯಲಾರದೆ ಪಕ್ಕದವರನ್ನು ಕೂಗಿ ತೋರಿಸಿದೆ.

ರಿಪ್ಯಾಕ್ ಅನ್ನುವ ಹಳೆಯ ಮೌಂಟನ್ ಬೈಕ್ ರೇಸಿನ ಕತೆ ನಿನ್ನ ಬಾಯಲ್ಲೇ ಎಷ್ಟು ಸಲ ಕೇಳಿದ್ದೇನೆ! 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ನಡೆದ ಆ ಮೊದಲ ರೇಸು, ಇಳಿಯುವಷ್ಟರಲ್ಲಿ ಬ್ರೇಕ್ ಕಾದು ಸುಟ್ಟುಹೋಗುತ್ತಿದ್ದ ಗ್ರೀಸು, ಪ್ರತಿ ಸಲ ಚಕ್ರದ ನಡುವಿನ ಹಬ್‌ಗೆ ಅದನ್ನು ಹೊಸದಾಗಿ ತುಂಬಬೇಕಾಗಿ ಬಂದು 'ರಿಪ್ಯಾಕ್', ಅಂದರೆ ಮತ್ತೆ ತುಂಬು, ಅಂತಲೇ ಹೆಸರಾದದ್ದು. ಅದರ ಮುಂದಿನ ಭಾಗವನ್ನು ನಾವು ಹೇಳುವುದೇ ಇಲ್ಲ. ಟ್ರೇಲ್‌ಗಳನ್ನು ಸೈಕಲ್ಲಿಗೆ ಮುಚ್ಚತೊಡಗಿದಾಗ ಅದೇ ಕ್ಯಾಲಿಫೋರ್ನಿಯಾದ ಕ್ಲಬ್ಬುಗಳು ಸೇರಿ 1988ರಲ್ಲಿ ಇಂಬಾ (IMBA) ಅನ್ನುವ ಮೌಂಟನ್ ಬೈಕ್ ಸವಾರರ ಸಂಘ ಕಟ್ಟಿದವು. ಮುಚ್ಚಿದ ಟ್ರೇಲಿಗೆ ಹೋಗಬೇಡ, ಬೇರೆಯವರಿಗೆ ದಾರಿ ಬಿಡು ಅಂತ ಅವರು ಮಾಡಿದ ನಿಯಮಗಳನ್ನೇ ನಾನು ಹೊಸಬರಿಗೆಲ್ಲ ಹೇಳಿಕೊಟ್ಟಿದ್ದು.

ಹೇಳಿಕೊಟ್ಟ ನಾನೇ, ನೀನಿಲ್ಲದ ಒಂದು ದಿನ, ಅಡ್ಡ ಕಟ್ಟಿದ್ದ ಹಗ್ಗ ಎತ್ತಿ ಒಳಗೆ ಹೋದೆ. ಮೂರನೇ ತಿರುವಿನಲ್ಲಿ ಒಬ್ಬರು ಹಿರಿಯರು ಬಗ್ಗಿ ಮಣ್ಣು ತಟ್ಟುತ್ತಿದ್ದರು. "ದಾರಿ ಬಿಡಿ!" ಅಂತ ಕಿರುಚಿದೆ. ಅವರು ಪೊದೆಗೆ ಸರಿದರು. ಆಗಷ್ಟೇ ಕೂರಿಸಿದ್ದ ಮಣ್ಣಿನ ಮೇಲೆ ಬ್ರೇಕ್ ಹಿಡಿದು ಚಕ್ರ ಎಳೆದುಕೊಂಡೇ ಹೋದೆ. ತಿರುಗಿ ನೋಡಿದರೆ ಅವರು ಬೈಯಲಿಲ್ಲ. ಮತ್ತೆ ಸಲಿಕೆ ಎತ್ತಿಕೊಂಡರು. ನಾನು ನಿಲ್ಲಲಿಲ್ಲ. ನೀನು ಸೂಪರ್ ಅಂದ ವಿಡಿಯೊ ಅದೇ ದಿನದ್ದು. ಅಷ್ಟು ಭಾಗ ಕತ್ತರಿಸಿ ಹಾಕಿದ್ದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಇವತ್ತೂ ಬರೆಯಬೇಕೆಂದು ಕೂತಿರಲಿಲ್ಲ. ಭಾನುವಾರ ಅವರು ಸಿಗಬಹುದು ಅಂತ ಹುಡುಕಿದೆ. ಮೊಣಕಾಲು ನೋವು, ಈಗ ಬರುವುದಿಲ್ಲವಂತೆ. ಅವರ ಜಾಗದಲ್ಲೇ ಕೂತು ಮಣ್ಣು ತಟ್ಟಿದೆ. ಅದು ಕ್ಷಮೆ ಕೇಳಿದಂತೆ ಆಗುವುದಿಲ್ಲ, ಗೊತ್ತು.

ಸರಿ, ಬಿಡು. ಈ ಭಾನುವಾರವೂ ಕೆಲಸವಿದೆ. ಗ್ಲೌಸ್ ತಗೊಂಡು ಬಾ, ಸಲಿಕೆ ಅಲ್ಲೇ ಕೊಡುತ್ತಾರೆ. ಹಳದಿ ಹೆಲ್ಮೆಟ್ಟನ್ನೇ ಹಾಕಿಕೊಂಡು ಬಾ ಮಾರಾಯ, ಅದನ್ನು ನೋಡಿ ಬಹಳ ದಿನವಾಯಿತು.

ಇಂತಿ ನಿನ್ನ,
ಎರಡನೇ ಗೇರು