ಸಾವಿನ ಪಟ್ಟಿ ನಕಲು ಮಾಡುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಅರ್ಬನ್ ಡಿಸ್ಟ್ರಿಕ್ಟ್‌ಗಳ (ಪಟ್ಟಣಗಳ ಸ್ಥಳೀಯ ಆಡಳಿತ ಘಟಕಗಳ) 1900ರಿಂದ 1914ರವರೆಗಿನ ಆರೋಗ್ಯಾಧಿಕಾರಿ ವರದಿಗಳಿಂದ ಅಂಕಿ ತೆಗೆಯುವಾಗ ದಯವಿಟ್ಟು ಇವನ್ನು ಗಮನಿಸಿ.

‘ಝೈಮೋಟಿಕ್’ (ಅಂಟುರೋಗಗಳಿಗೆ ಆಗಿನ ಹೆಸರು) ಸಾವಿನ ದರ ಎಂದರೆ ಎಲ್ಲ ಸೋಂಕುಗಳ ಮೊತ್ತ ಅಲ್ಲ. ಸಿಡುಬು, ದಡಾರ, ಸ್ಕಾರ್ಲೆಟ್ ಜ್ವರ, ಗಂಟಲುಮಾರಿ, ನಾಯಿಕೆಮ್ಮು, ಟೈಫಾಯ್ಡ್‌ನಂಥ ಜ್ವರಗಳು, ಭೇದಿ, ಇಷ್ಟೇ. ಅಷ್ಟೊಂದು ಜನರನ್ನು ಕೊಂದ ಕ್ಷಯ ಇದರಲ್ಲಿ ಸೇರಿಲ್ಲ, ಅದನ್ನು ಬೇರೆ ಕಾಲಂನಲ್ಲೇ ಬರೆಯಿರಿ. ಹೆಚ್ಚು ತಪ್ಪಾಗುವುದು ಇಲ್ಲೇ.

ಈ ದರ ಸಾವಿರ ಜನಸಂಖ್ಯೆಗೆ: 8,000 ಜನ, 12 ಸಾವು ಎಂದರೆ 1.5. ಶಿಶುಮರಣಕ್ಕೆ ಮಾತ್ರ ಭಾಗಿಸಬೇಕಾದದ್ದು ಆ ವರ್ಷದ ಜನನಗಳಿಂದ. ಊರು ಚಿಕ್ಕದಾದರೆ ಒಂದೇ ಮನೆಯ ಎರಡು ಮಕ್ಕಳ ಸಾವು ದರವನ್ನು ಏರಿಸಿಬಿಡುತ್ತದೆ, ಹಾಗಾಗಿ ಐದು ವರ್ಷದ ಸರಾಸರಿಯನ್ನೂ ಹಾಕಿ. 1911ರ ಬಿರುಬೇಸಿಗೆಯಲ್ಲಿ ಭೇದಿಯಿಂದ ಕೂಸುಗಳು ತುಂಬಾ ಸತ್ತವು. ಆ ಏರಿಕೆ ನಿಜವಾದದ್ದು, ತಿದ್ದಬೇಡಿ.

ದಡಾರಕ್ಕೆ ದೇಶವ್ಯಾಪಿ ವರದಿ ಕಡ್ಡಾಯವಾದದ್ದು 1916ರಲ್ಲಿ. ಅದಕ್ಕೂ ಮೊದಲು ರೋಗಿಗಳ ಕಾಲಂ ಖಾಲಿ ಇದ್ದರೆ ಸೊನ್ನೆ ಬರೆಯದೆ ಖಾಲಿಯೇ ಬಿಡಿ. ಗಡಿಯಾಚೆಯ ಆಸ್ಪತ್ರೆಯಲ್ಲಿ ಸತ್ತ ಊರಿನವರನ್ನು ಸೇರಿಸಿದ್ದಾರೆಯೇ ಎಂಬುದನ್ನೂ ಅಡಿಟಿಪ್ಪಣಿಯಲ್ಲಿ ನೋಡಿಕೊಳ್ಳಿ.