ಗಾಜಿಗಂಟಿದ ಅಜ್ಜನ ಫೋಟೋ

ಕಳೆದ ಮಳೆಗಾಲದಲ್ಲಿ ಕಾರವಾರದ ಬಸ್ ನಿಲ್ದಾಣದಲ್ಲಿ ನನ್ನ ಕೈಯಲ್ಲಿದ್ದ ಫೋಟೋ ಕಂಡು ಮಾತನಾಡಿಸಿ, ಹೆಸರು ಕೇಳುವಷ್ಟರಲ್ಲಿ ಅಂಕೋಲೆಯ ಬಸ್ಸು ಹತ್ತಿ ಹೋದ ಹಿರಿಯರೇ, ತಮಗೆ ಹೃತ್ಪೂರ್ವಕ ಧನ್ಯವಾದಗಳು.

1942ರಲ್ಲಿ, ಮರಾಠಾ ಲಘು ಪದಾತಿ ದಳದ ಕೇಂದ್ರವಿದ್ದ ಬೆಳಗಾವಿಯ ಸ್ಟುಡಿಯೋ ಒಂದರಲ್ಲಿ, ಯುದ್ಧಕ್ಕೆ ಹೊರಡುವ ಮುನ್ನ ಅಜ್ಜ ಸಮವಸ್ತ್ರ ತೊಟ್ಟು, ಪಕ್ಕದಲ್ಲಿ ಅಜ್ಜಿಯನ್ನು ನಿಲ್ಲಿಸಿಕೊಂಡು, ತೊಡೆಯ ಮೇಲೆ ನಮ್ಮ ತಂದೆಯನ್ನು ಕೂರಿಸಿಕೊಂಡು ತೆಗೆಸಿದ ಆ ಒಂದೇ ಫೋಟೋ, ಕರಾವಳಿಯ ತೇವಕ್ಕೆ ಚಿತ್ರವನ್ನು ಹಿಡಿದಿಡುವ ಜೆಲಟಿನ್ ಪದರ ಮೆತ್ತಗಾಗಿ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿತ್ತು. "ಎಳೆದರೆ ಮುಖವೇ ಕಿತ್ತು ಬರುತ್ತದೆ, ಮೊದಲು ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ" ಎಂದು ತಾವು ಹೇಳದಿದ್ದರೆ ನಾನು ಅಂದೇ ಅದನ್ನು ಬಿಡಿಸುತ್ತಿದ್ದೆ.

ಈಗ ಆ ಸ್ಕ್ಯಾನ್ ದೊಡ್ಡದು ಮಾಡಿ ನೋಡಿದರೆ, ಸ್ಟುಡಿಯೋದ ಹಿನ್ನೆಲೆ ಪರದೆಯ ಮೇಲೆ ಬರೆದ ಕಂಬ, ಹೂಕುಂಡಗಳ ಮುಂದೆ, ಅಜ್ಜನ ತೋಳನ್ನು ಬಿಗಿಯಾಗಿ ಹಿಡಿದ ಅಜ್ಜಿಯ ಬೆರಳುಗಳು ಕಾಣುತ್ತವೆ. ಅಜ್ಜ ಮರಳಿ ಬರಲಿಲ್ಲ. ತಂದೆಯವರಿಗೆ ಅವರ ಮುಖ ಗೊತ್ತಿರುವುದು ಈ ಫೋಟೋದಿಂದ ಮಾತ್ರ.